ಲೀಡ್‌ಗಳಿಗೆ (ಮುಂದೆ ಕೊಳ್ಳಬಹುದಾದವರಿಗೆ) ಫಾಲೋ-ಅಪ್ ಮೇಲ್ ತಾನಾಗೇ ಹೋಗುವ ಹಾಗೆ ಮಾಡಿದವರು ಅನುಭವ ಹೇಳಿ

ಪ್ರಶ್ನೆ: ನಮ್ಮದು ಚಿಕ್ಕ ಸೇಲ್ಸ್ ತಂಡ. ಡೆಮೊ ಆದ ಮೂರನೇ ದಿನ, ಏಳನೇ ದಿನ ಸಿಆರ್‌ಎಂನಿಂದಲೇ (ಗ್ರಾಹಕರ ವಿವರ, ಮಾತುಕತೆ ದಾಖಲಿಸುವ ಸಾಫ್ಟ್‌ವೇರ್) ಮೇಲ್ ಹೋಗಬೇಕು. ಮಾಡಿಸಿದವರು ಇದ್ದೀರಾ?

ಉತ್ತರ 1: ಮಾಡಿಸಿ, ಬಿಟ್ಟೂ ಆಯ್ತು. ಮಾರುವಾಗ "ಸೀಕ್ವೆನ್ಸ್ ಇದೆ" ಅಂದರು, ಅಂದರೆ ಒಂದಾದ ಮೇಲೊಂದು ತಾನಾಗೇ ಹೋಗುವ ಮೇಲ್‌ಗಳ ಸಾಲು. ಇದ್ದದ್ದು ದುಬಾರಿ ಪ್ಲಾನಿನಲ್ಲಿ. ಪ್ಲಾನ್ ಏರಿಸಿದರೆ ಬರೀ ರಿಪೋರ್ಟ್ ನೋಡುವವರ ಸೀಟಿಗೂ ಅದೇ ದರ, ಅದೂ ಇಡೀ ವರ್ಷದ್ದು ಮುಂಗಡ. ಕಾಂಟ್ಯಾಕ್ಟ್ ಲೆಕ್ಕ ಬೇರೆ. ಬೌನ್ಸ್ ಆದ (ಮೇಲ್ ತಲುಪದೆ ವಾಪಸ್ ಬಂದ) ವಿಳಾಸ, ಬೇಡ ಅಂದವರ ವಿಳಾಸ, ಎಲ್ಲಕ್ಕೂ ದುಡ್ಡು. ಈಗ ಸಿಆರ್‌ಎಂ ನೆನಪಿಸುತ್ತದೆ ಅಷ್ಟೇ, ಬರೆಯೋದು ನಾವೇ. ಉತ್ತರ ಬರೋದೂ ಅಂಥ ಮೇಲಿಗೇ.

ಉತ್ತರ 2: ಕೈಯಾರೆ ಬರೆಯೋದು ಹತ್ತು ಲೀಡ್ ಇರುವವರಿಗೆ ಸರಿ. ಆಟೊಮೇಟ್ ಮಾಡಿದಮೇಲೆ ನಮ್ಮಲ್ಲಿ ಯಾವ ಲೀಡೂ ಮರೆತುಹೋಗಿಲ್ಲ, ಹೆಮ್ಮೆಯಿಂದ ಹೇಳುತ್ತೇನೆ. ಪೆಟ್ಟು ಬಿದ್ದದ್ದು ಒಂದೇ ಕಡೆ. ಉತ್ತರ ಬಂದರೆ ಸೀಕ್ವೆನ್ಸ್ ನಿಲ್ಲುತ್ತದೆ, ಅಲ್ವಾ? ಒಬ್ಬ ಗ್ರಾಹಕರ ಪರವಾಗಿ ಅವರ ಮ್ಯಾನೇಜರ್ ಬೇರೆ ವಿಳಾಸದಿಂದ ಆರ್ಡರ್ ಕೊಟ್ಟರು. ಸಿಆರ್‌ಎಂಗೆ ಅದು ಇನ್ಯಾರೋ. ಮರುದಿನ ಬೆಳಿಗ್ಗೆ ಆ ಗ್ರಾಹಕರಿಗೆ "ನಿಮ್ಮಿಂದ ಉತ್ತರವೇ ಬರಲಿಲ್ಲ" ಅಂತ ಮೇಲ್! ಅವರು ಸಿಟ್ಟಿನಲ್ಲೇ ಫೋನ್ ಮಾಡಿದರು. ಈಗ ಡೀಲ್ ಹಂತ ಬದಲಾದರೆ ಆ ಕಂಪನಿಯ ಎಲ್ಲರನ್ನೂ ಸೀಕ್ವೆನ್ಸಿನಿಂದ ತೆಗೆಯುವ ವರ್ಕ್‌ಫ್ಲೋ ಇಟ್ಟಿದ್ದೇವೆ.

ಉತ್ತರ 3: ಮೇಲ್ ತಲುಪಿದರೆ ತಾನೇ ಇದೆಲ್ಲ! ನಮ್ಮದು ಸ್ಪ್ಯಾಮಿಗೆ ಬೀಳುತ್ತಿತ್ತು. ಡಿಕಿಮ್ ಸಹಿ (ಮೇಲ್ ಯಾವ ಡೊಮೇನಿನದು ಅಂತ ಖಚಿತಪಡಿಸುವ ಗುರುತು) ನಮ್ಮ ಡೊಮೇನಿನದಲ್ಲ, ಸಿಆರ್‌ಎಂ ಕಂಪನಿಯದು. ಸೆಟಪ್ ಮಾಡಿಕೊಟ್ಟವರು ಅದರ ಬಗ್ಗೆ ಬಾಯಿ ಬಿಡಲಿಲ್ಲ. ಫಾಲೋ-ಅಪ್, ಇನ್ವಾಯ್ಸ್ ಎರಡೂ ಒಂದೇ ಡೊಮೇನಿನಿಂದ ಹೋಗುತ್ತಿದ್ದವು. ಕೊನೆಗೆ ಇನ್ವಾಯ್ಸ್‌ಗಳೂ ಸ್ಪ್ಯಾಮಿನಲ್ಲಿ. ಬರಬೇಕಾದ ದುಡ್ಡು ಅಲ್ಲೇ ನಿಂತಿತು. 2024ರ ಫೆಬ್ರವರಿಯಿಂದ ಜಿಮೇಲ್ ಇನ್ನೂ ಬಿಗಿ ಮಾಡಿದೆ. ಸ್ಪ್ಯಾಮ್ ದೂರು ಶೇ. 0.3 ಮುಟ್ಟಬಾರದು. ದಿನಕ್ಕೆ 5000 ದಾಟುವವರಿಗೆ ಡಿಮಾರ್ಕ್ (ನಮ್ಮ ಡೊಮೇನಿನ ಹೆಸರಲ್ಲಿ ಬಂದ ನಕಲಿ ಮೇಲನ್ನು ಏನು ಮಾಡಬೇಕು ಅಂತ ಹೇಳುವ ಸೆಟ್ಟಿಂಗ್) ಕಡ್ಡಾಯ, ಪ್ರಚಾರದ ಮೇಲಿಗೆ ಒಂದೇ ಕ್ಲಿಕ್ಕಿನ ಅನ್‌ಸಬ್‌ಸ್ಕ್ರೈಬ್ ಕೂಡ.

ಉತ್ತರ 2: 5000 ಯಾರು ಕಳಿಸುತ್ತಾರೆ ಇಲ್ಲಿ? ಸುಮ್ನೆ ಹೆದರಿಸಬೇಡಿ. ನಮ್ಮ ಓಪನ್ ರೇಟ್ (ಮೇಲ್ ತೆರೆದವರ ಪ್ರಮಾಣ) ಚೆನ್ನಾಗಿಯೇ ಇದೆ.

ಉತ್ತರ 3: ಶೇ. 0.3 ಎಲ್ಲರಿಗೂ ಇದೆ, ಸರಿಯಾಗಿ ಓದಿ. ಇನ್ನು ಓಪನ್ ರೇಟ್ ನಂಬುತ್ತೀರಾ? 2021ರಿಂದ ಆಪಲ್ ಮೇಲ್‌ನಲ್ಲಿ ಪ್ರೈವಸಿ ಆಯ್ಕೆ ಆನ್ ಇದ್ದರೆ, ಓದದಿದ್ದರೂ ಚಿತ್ರ ಮೊದಲೇ ಲೋಡ್ ಆಗುತ್ತದೆ. ಸಿಆರ್‌ಎಂ ಓಪನ್ ಎಣಿಸೋದೇ ಚಿತ್ರ ಲೋಡ್ ಆದದ್ದರಿಂದ, ಹಾಗಾಗಿ ಅದನ್ನೂ ಓಪನ್ ಅಂತಲೇ ಬರೆದುಕೊಳ್ಳುತ್ತದೆ. ರಿಪ್ಲೈ ಎಷ್ಟು ಬಂತು, ಅದನ್ನು ಹೇಳಿ.

ಉತ್ತರ 1: ಅದು ಬಿಡಿ, "ಹತ್ತು ಲೀಡ್" ಅಂದರಲ್ಲ, ಯಾರಿಗೆ ಅಂದದ್ದು? ನಮ್ಮ ಒಂದೊಂದು ಡೀಲಿಗೂ ತಿಂಗಳುಗಟ್ಟಲೆ ಮಾತುಕತೆ ನಡೆಯುತ್ತದೆ. ಅದನ್ನು ಟೆಂಪ್ಲೇಟಿನಲ್ಲಿ ಮುಗಿಸಿ ತೋರಿಸಿ.

ಉತ್ತರ 2: ಟೆಂಪ್ಲೇಟ್ ಬರೆಯೋದೂ ಕೆಲಸವೇ. ನಮ್ಮ ತಂಡ ಒಂದೊಂದು ಸಾಲನ್ನೂ ಕೂತು ತಿದ್ದಿದೆ. ಬಂದು ಓದಿ, ಆಮೇಲೆ ಮಾತಾಡಿ.

ಪ್ರಶ್ನೆ ಕೇಳಿದವರು: ಏಳನೇ ದಿನ ಭಾನುವಾರ ಬಂದರೆ ಮೇಲ್ ಸೋಮವಾರಕ್ಕೆ ಹೋಗುವ ಹಾಗೆ ಇಡಬಹುದಾ? ಅದನ್ನಾದರೂ ಯಾರಾದರೂ ಹೇಳಿ.