ಅವ್ವನ ಪೇಢೆ ಡಬ್ಬಿ

ವಾಟ್ಸ್‌ಆ್ಯಪ್ ಗುಂಪು: ಸಪ್ತಾಪುರ ಮನೆ, ಧಾರವಾಡ

ಅಣ್ಣ: (ಫೋಟೊ) ಅವ್ವನ ಗುಳಿಗೆಗೆ ಈ ಡಬ್ಬಿ ತರಿಸಿದ್ದೇನೆ. ಏಳು ದಿನ, ದಿನಕ್ಕೆ ಮೂರು ಖಾನೆ. ಅಕ್ಕ, ಭಾನುವಾರ ಹೋಗಿ ಎಲ್ಲ ಸ್ಟ್ರಿಪ್ ಬಿಡಿಸಿ ತುಂಬಿಕೊಡು. ಅವಳು ಗುಳಿಗೆ ಇಡುವ ಆ ಹಳೆಯ ಪೇಢೆ ಡಬ್ಬಿಯನ್ನು ಮೊದಲು ಎಸೆಯಿರಿ.

ಅಕ್ಕ: ದಿನಕ್ಕೆ ಎಂಟರಂತೆ ವಾರಕ್ಕೆ 56 ಗುಳಿಗೆ. ನೀನು ಬೆಂಗಳೂರಿನಲ್ಲಿ ಕುಳಿತು ತರಿಸುವುದು, ನಾನು ಹುಬ್ಬಳ್ಳಿಯಿಂದ ಬಂದು ಬಿಡಿಸುವುದು. ಚೆನ್ನಾಗಿದೆ.

ಅಣ್ಣ: 72 ವರ್ಷದವಳಿಗೆ ಎಂಟು ಗುಳಿಗೆ ನೆನಪಿರುತ್ತವೆಯೇ? ಶ್ರಾವಣ ಸೋಮವಾರ ಆದದ್ದು ಮರೆತಿರಾ?

ನಾನು: ಅಂದು ಅವಳು ಗುಳಿಗೆ ಮರೆತಿರಲಿಲ್ಲ ಅಣ್ಣ. ತಪ್ಪದೆ ನುಂಗಿ, ಆಮೇಲೆ ಉಪವಾಸ ಕುಳಿತಿದ್ದಳು. ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಗುಳಿಗೆ ತೆಗೆದುಕೊಂಡು ಉಣ್ಣದಿದ್ದರೆ ಸಕ್ಕರೆ ಇಳಿಯದೆ ಇರುತ್ತದೆಯೇ? ಬೆವತು ನಡುಗಿದ್ದು ಅದಕ್ಕೆ.

ಕಾಕಾ: ಇಷ್ಟೆಲ್ಲ ಗುಳಿಗೆ ಏಕೆ? ಬೆಳ್ಳುಳ್ಳಿ ನೀರಿನ ವಿಡಿಯೊ ಇದೆ, ಕಳಿಸಲೇ?

ಅಕ್ಕ: ಬೇಡ ಕಾಕಾ.

ಕಾಕಾ: (ವಿಡಿಯೊ)

ಅವ್ವ: (ಪೇಢೆ ಡಬ್ಬಿಯ ಫೋಟೊ) ಎಂಟಲ್ಲ, ಏಳು. ಹೋದ ತಿಂಗಳು ಎದ್ದು ನಿಂತರೆ ಕಣ್ಣಿಗೆ ಕತ್ತಲೆ ಬರುತ್ತಿತ್ತು. ವಯಸ್ಸಾಯಿತು ಎಂದಿರಿ. ಭೂತಗನ್ನಡಿ ಹಿಡಿದು ಸ್ಟ್ರಿಪ್ ಓದಿದೆ. ಇಲ್ಲಿಯ ಡಾಕ್ಟರರು ಕೊಟ್ಟದ್ದರಲ್ಲಿ ಬಿಪಿ ಇಳಿಸುವ ಟೆಲ್ಮಿಸಾರ್ಟನ್. ಹುಬ್ಬಳ್ಳಿಯ ಹೃದಯದ ಡಾಕ್ಟರರು ಕೊಟ್ಟ, ಎರಡು ಔಷಧ ಸೇರಿಸಿದ ಜೋಡಿ ಗುಳಿಗೆಯಲ್ಲೂ ಅದೇ. ಕಂಪನಿ ಬೇರೆ, ಬಣ್ಣ ಬೇರೆ. ಪೇಢೆ ಡಬ್ಬಿಯನ್ನೇ ಒಯ್ದು ಡಾಕ್ಟರರ ಮೇಜಿನ ಮೇಲೆ ಸುರಿದೆ. ಒಂದನ್ನು ಅವರೇ ನಿಲ್ಲಿಸಿದರು. ಬಿಡಿಸಿ ಖಾನೆಗೆ ಹಾಕಿದ್ದರೆ ಹೆಸರು ಎಲ್ಲಿ ಓದಲಿ? ಇನ್ನೊಂದು. ಥೈರಾಯ್ಡ್ ಗುಳಿಗೆ ಎದ್ದ ಕೂಡಲೇ ಬರಿ ಹೊಟ್ಟೆಗೆ, ಕ್ಯಾಲ್ಸಿಯಂ ನಾಲ್ಕು ತಾಸು ಬಿಟ್ಟು. ನಿನ್ನ ಡಬ್ಬಿಯಲ್ಲಿ ಮುಂಜಾನೆಗೆ ಒಂದೇ ಖಾನೆ.

ಅಣ್ಣ: ಸರಿ. ಆದರೆ ನುಂಗಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ?

ಅವ್ವ: ಕ್ಯಾಲೆಂಡರಿನಲ್ಲಿ ಗೀಟು ಹಾಕುತ್ತೇನೆ, ಹಾಲಿನ ಲೆಕ್ಕದ ಕೆಳಗೆ. ಕಾಕಾ ತಂದುಕೊಟ್ಟಿದ್ದ ಮೊಣಕಾಲು ನೋವಿನ ಗುಳಿಗೆಯೂ ಆ ಡಬ್ಬಿಯಲ್ಲಿತ್ತು. ಬಿಪಿ ಗುಳಿಗೆಯ ಜೊತೆ ಅದನ್ನು ದಿನವೂ ನುಂಗಿದರೆ ಮೂತ್ರಪಿಂಡಕ್ಕೆ ಪೆಟ್ಟು ಎಂದು ಡಾಕ್ಟರರು ಬೈದರು. ಬೈಗುಳ ನನಗೆ ಬಿತ್ತು.

ಕಾಕಾ: ಅಂಗಡಿಯವನು ಎಲ್ಲರಿಗೂ ಅದನ್ನೇ ಕೊಡುತ್ತಾನೆ ವೈನಿ.

ಅಕ್ಕ: ಇದನ್ನೆಲ್ಲ ನಮಗೇಕೆ ಹೇಳಲಿಲ್ಲ ಅವ್ವ?

ಅವ್ವ: ಹೇಳಿದರೆ ಈ ಗದ್ದಲ.

ಅಣ್ಣ: ಆಯಿತು, ಡಬ್ಬಿ ಹಿಂದಕ್ಕೆ ಕಳಿಸುತ್ತೇನೆ. ಒಂದು ಕೇಳಲೇ? ನೀನು ಕಳಿಸಿದ ಫೋಟೊದಲ್ಲಿ ಪೇಢೆ ಡಬ್ಬಿ ಹಳೆಯದಲ್ಲ, ಹೊಸದಿದ್ದಂತಿತ್ತು. ಸಕ್ಕರೆ ಕಾಯಿಲೆಯ ಮನೆಯಲ್ಲಿ ಒಂದು ಕಿಲೋ ಪೇಢೆ ತಿಂದವರು ಯಾರು?

(ಎರಡು ನೀಲಿ ಗೀಟು. ಅವ್ವ ಓದಿದ್ದಾಳೆ. ಅರ್ಧ ತಾಸಾಯಿತು.)