ಪೆಟ್ಟಿಗೆಗೆ ಒಂದು ಗೀರೂ ಇಲ್ಲ, ಒಳಗಿನ ಕಂಪ್ಯೂಟರ್ ಮಾತ್ರ ಏಳುತ್ತಿಲ್ಲ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಕೆಲಸದ ಮೇಲೆ ಊರು ಬದಲಾಯಿಸಿದೆ, ಕಂಪ್ಯೂಟರನ್ನು ಕೊರಿಯರ್‌ನಲ್ಲಿ ಕಳಿಸಿದ್ದೆ. ನಿನ್ನೆ ಬಂತು. ರಟ್ಟಿನ ಪೆಟ್ಟಿಗೆಯ ಒಂದು ಮೂಲೆಯೂ ಜಜ್ಜಿಲ್ಲ. ಆದರೆ ಆನ್ ಮಾಡಿದರೆ ಫ್ಯಾನ್ ತಿರುಗುತ್ತದೆ, ಪರದೆಯಲ್ಲಿ ಏನೂ ಬರುವುದಿಲ್ಲ. ಮದರ್‌ಬೋರ್ಡಿನಲ್ಲಿ ಡಿರ‍್ಯಾಮ್ ಅಂತ (ಅಂದರೆ ಮೆಮೊರಿ) ಬರೆದಿರುವ ಕಡೆ ಪುಟ್ಟ ದೀಪ ಹತ್ತಿಕೊಂಡೇ ಇರುತ್ತದೆ.

ಎರಡು ರ‍್ಯಾಮ್, ಸಿಪಿಯು ತಣ್ಣಗಿಡುವ ದೊಡ್ಡ ಟವರ್ ಕೂಲರ್, ಗ್ರಾಫಿಕ್ಸ್ ಕಾರ್ಡ್, ಹಾರ್ಡ್ ಡಿಸ್ಕ್ ಎಲ್ಲವೂ ಕ್ಯಾಬಿನೆಟ್ ಒಳಗೇ ಇದ್ದವು. ಹೊರಗೆ ಬಬಲ್ ರ‍್ಯಾಪ್ ನಾಲ್ಕು ಸುತ್ತು ಸುತ್ತಿದ್ದೆ. ಆ ಡಿಸ್ಕಿನಲ್ಲಿ ಮನೆಯವರ ಹತ್ತು ವರ್ಷದ ಫೋಟೋಗಳಿವೆ, ಬೇರೆಲ್ಲೂ ಇಲ್ಲ. ಮೊದಲು ಏನು ನೋಡಲಿ?

ಉತ್ತರ 1

ಸದ್ಯಕ್ಕೆ ಇನ್ನೊಂದು ಸಲ ಆನ್ ಮಾಡಬೇಡಿ. ಮೊದಲು ಹಾರ್ಡ್ ಡಿಸ್ಕಿನ ಎರಡೂ ಕೇಬಲ್ ತೆಗೆದಿಡಿ. ಬೋರ್ಡ್ ಹೋದರೆ ಇನ್ನೊಂದು ತರಬಹುದು, ಫೋಟೋ ತರೋಕಾಗಲ್ಲ.

ಪೆಟ್ಟಿಗೆ ಚೆನ್ನಾಗಿದೆ ಅಂದರೆ ಒಳಗೆ ಏಟು ಬಿದ್ದಿಲ್ಲ ಅಂತ ಅಲ್ಲ. ಕೆಳಗೆ ಬಿದ್ದ ಪೆಟ್ಟಿಗೆ ನೆಲಕ್ಕೆ ತಾಗಿ ನಿಲ್ಲುತ್ತದೆ. ಒಳಗಿನ ಭಾರ ಆ ಕ್ಷಣದಲ್ಲಿ ಇನ್ನೂ ಕೆಳಕ್ಕೇ ಹೋಗುತ್ತಿರುತ್ತದೆ. ದೊಡ್ಡ ಟವರ್ ಕೂಲರ್ ಒಂದು ಕೆಜಿ ಹತ್ತಿರ ತೂಗುತ್ತದೆ, ಬೋರ್ಡಿನಿಂದ ಸುಮಾರು 16 ಸೆಂ.ಮೀ. ಹೊರಗೆ ಚಾಚಿಕೊಂಡಿರುತ್ತದೆ. ಅದನ್ನು ಹಿಡಿದಿರುವ ಬೋರ್ಡಿನ ದಪ್ಪ ಸುಮಾರು 1.6 ಮಿ.ಮೀ. ಏಟು ಬಿದ್ದಾಗ ಕೂಲರ್ ಸನ್ನೆಕೋಲಿನ ಹಾಗೆ ಬೋರ್ಡನ್ನು ಮೀಟುತ್ತದೆ. ಗ್ರಾಫಿಕ್ಸ್ ಕಾರ್ಡಿನದೂ ಇದೇ ಕಥೆ. ಹೊರಗಿನ ಬಬಲ್ ರ‍್ಯಾಪ್ ಕ್ಯಾಬಿನೆಟ್ಟನ್ನು ಕಾಯುತ್ತದೆ, ಒಳಗೆ ತೂಗಾಡುವ ಭಾರವನ್ನು ಹಿಡಿಯುವುದಿಲ್ಲ.

ಪವರ್ ಕೇಬಲ್ ಕಿತ್ತು, ಕ್ಯಾಬಿನೆಟ್ಟನ್ನು ಮಲಗಿಸಿ ತೆಗೆಯಿರಿ. ಗ್ರಾಫಿಕ್ಸ್ ಕಾರ್ಡ್ ಹೊರಗಿಡಿ. ನಿಮ್ಮ ಸಿಪಿಯುನಲ್ಲೇ ಗ್ರಾಫಿಕ್ಸ್ ಇದ್ದರೆ ಮಾನಿಟರನ್ನು ಬೋರ್ಡಿಗೇ ಹಾಕಿ. ಆಮೇಲೆ ಒಂದೇ ಒಂದು ರ‍್ಯಾಮ್ ಇಟ್ಟುಕೊಂಡು ನಾಲ್ಕೂ ಸ್ಲಾಟಿನಲ್ಲಿ ನೋಡಿ. ಎರಡನೆಯದನ್ನೂ ಹಾಗೇ ಮಾಡಿ. ಯಾವುದು ಎಲ್ಲಿ ಓಡಿತು ಅಂತ ಬರೆದುಕೊಳ್ಳಿ.

ಪ್ರಶ್ನೆ ಕೇಳಿದವರು

ಮಾಡಿದೆ. ಗ್ರಾಫಿಕ್ಸ್ ಸ್ಲಾಟಿನ ತುದಿಯ ಲಾಕ್ ಮುರಿದಿದೆ, ಪ್ಲಾಸ್ಟಿಕ್ ಚೂರು ಕೆಳಗೆ ಬಿದ್ದಿತ್ತು. ರ‍್ಯಾಮ್ ಎರಡೂ ಬಿ1, ಬಿ2 ಸ್ಲಾಟಿನಲ್ಲಿ ಓಡುತ್ತವೆ. ಎ1, ಎ2ರಲ್ಲಿ ಯಾವುದನ್ನು ಹಾಕಿದರೂ ಅದೇ ದೀಪ. ಬೋರ್ಡ್ ಹೋಯಿತಾ?

ಉತ್ತರ 1 ಬರೆದವರು

ಇನ್ನೂ ಹಾಗೆ ಹೇಳಬೇಡಿ. ಒಂದು ಸ್ಲಾಟ್ ಮಾತ್ರ ಸತ್ತಿದ್ದರೆ ಸ್ಲಾಟಿನ ಬೆಸುಗೆ ಬಿರಿದಿದೆ ಅನ್ನಬಹುದಿತ್ತು. ಒಂದು ಚಾನೆಲ್ಲಿನ (ಸಿಪಿಯುಗೂ ಮೆಮೊರಿಗೂ ನಡುವಿನ ಒಂದು ದಾರಿ, ನಿಮ್ಮಲ್ಲಿ ಎ1, ಎ2) ಎರಡೂ ಸ್ಲಾಟ್ ಒಟ್ಟಿಗೆ ಹೋದರೆ ನಾನು ಮೊದಲು ನೋಡುವುದು ಸಿಪಿಯು ಕೂತಿರುವ ಜಾಗವನ್ನು. ರ‍್ಯಾಮ್ ನಡೆಸುವ ಕಂಟ್ರೋಲರ್ ಈಗ ಸಿಪಿಯು ಒಳಗೇ ಇರುತ್ತದೆ. ನಿಮ್ಮದು ಎಲ್‌ಜಿಎ 1700 ಸಾಕೆಟ್ ಆಗಿದ್ದರೆ ಅದರಲ್ಲಿ 1700 ಪಿನ್ ಇವೆ. ಸಿಪಿಯು ಅವುಗಳ ಮೇಲೆ ಬರೀ ಒತ್ತಡದಿಂದ ಕೂತಿರುತ್ತದೆ. ಕೂಲರ್ ಒಂದು ಕಡೆಗೆ ಎಳೆದು ಆ ಒತ್ತಡ ಓರೆಯಾದರೆ ಕೆಲವು ಪಿನ್ ಸರಿಯಾಗಿ ತಾಗುವುದಿಲ್ಲ, ಒಂದು ಚಾನೆಲ್ ಕಾಣೆಯಾಗುತ್ತದೆ.

ಬಿ ಸ್ಲಾಟಿನಲ್ಲಿ ಐದು ನಿಮಿಷ ಓಡಿಸಿ, ಸಿಪಿಯುಗೂ ಕೂಲರಿಗೂ ನಡುವೆ ಹಚ್ಚಿರುವ ಪೇಸ್ಟ್ ಬೆಚ್ಚಗಾಗಿ ಸಡಿಲವಾಗಲಿ. ಆಫ್ ಮಾಡಿ, ಪವರ್ ಕಿತ್ತು, ಕೂಲರನ್ನು ಮೆಲ್ಲಗೆ ಆಚೀಚೆ ತಿರುಗಿಸಿ ತೆಗೆಯಿರಿ. ಸುಮ್ನೆ ನೆಟ್ಟಗೆ ಎಳೆಯಬೇಡಿ. ಓದುತ್ತಿರುವ ಬೇರೆಯವರಿಗೂ ಹೇಳುತ್ತೇನೆ: ಪಿನ್ ಸಿಪಿಯುನಲ್ಲೇ ಇರುವ ಎಎಂ4ನಂಥದ್ದಾದರೆ, ನೆಟ್ಟಗೆ ಎಳೆದಾಗ ಲಾಕ್ ಹಾಕಿದ್ದರೂ ಸಿಪಿಯು ಕೂಲರ್ ಜೊತೆಗೇ ಕಿತ್ತು ಬರಬಹುದು.

ಸಿಪಿಯು ತೆಗೆದ ಮೇಲೆ ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು ಸಾಕೆಟ್ ನೋಡಿ. ಸಾಲಿನ ಪಿನ್‌ಗಳೆಲ್ಲ ಒಂದೇ ಥರ ಹೊಳೆಯಬೇಕು. ಬಗ್ಗಿದ್ದು ಬೇರೆ ಥರ ಹೊಳೆಯುತ್ತದೆ. ಬೆರಳು ಮಾತ್ರ ತಾಗಿಸಬೇಡಿ. ಎಲ್ಲ ಸರಿ ಇದ್ದರೆ ಹೊಸ ಪೇಸ್ಟ್ ಹಾಕಿ, ಸ್ಕ್ರೂಗಳನ್ನು ಎದುರುಬದುರು ಮೂಲೆಯಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ.

ಉತ್ತರ 2

ಡಿಸ್ಕಿನ ಬಗ್ಗೆ ನಾನು ಹೇಳುತ್ತೇನೆ. ಆಫ್ ಆಗಿರುವ 3.5 ಇಂಚಿನ ಡಿಸ್ಕ್ ಸಾಮಾನ್ಯವಾಗಿ 2 ಮಿಲಿಸೆಕೆಂಡಿನ 300 ಜಿ (ಅಂದರೆ ಗುರುತ್ವದ 300 ಪಟ್ಟು) ಏಟು ತಡೆಯುತ್ತದೆ ಅಂತ ತಯಾರಕರು ಬರೆದಿರುತ್ತಾರೆ. ಜಾಸ್ತಿ ಅನ್ನಿಸುತ್ತದೆ ಅಲ್ವಾ? ಲೆಕ್ಕ ಹಾಕಿ. ಬಿದ್ದ ಎತ್ತರವನ್ನು, ನಿಲ್ಲಲು ಸಿಕ್ಕ ದೂರದಿಂದ ಭಾಗಿಸಿದರೆ ಏಟಿನ ಅಂದಾಜು ಸಿಗುತ್ತದೆ. 75 ಸೆಂ.ಮೀ. ಎತ್ತರದಿಂದ ಬಿದ್ದು 5 ಸೆಂ.ಮೀ. ಮೆತ್ತೆಯಲ್ಲಿ ನಿಧಾನವಾಗಿ ನಿಂತರೆ 15 ಜಿ. ಅರ್ಧ ಸೆಂ.ಮೀ.ನಲ್ಲಿ ನಿಂತರೆ 150 ಜಿ. ಒಂದೇ ಮಿ.ಮೀ.ನಲ್ಲಿ ನಿಂತರೆ 750 ಜಿ. ನಿಜವಾದ ಫೋಮ್ ಇಷ್ಟು ಸಮವಾಗಿ ತಡೆಯುವುದಿಲ್ಲ, ಹಾಗಾಗಿ ಏಟಿನ ತುದಿ ಇನ್ನೂ ಮೇಲೆ ಹೋಗುತ್ತದೆ.

ಡಿಸ್ಕ್ ಹಾಕಿದಾಗ ಟಕ್ ಟಕ್ ಅಂತ ಒಂದೇ ಸಮನೆ ಸದ್ದು ಬಂದರೆ ತಕ್ಷಣ ಪವರ್ ತೆಗೆದು, ಡೇಟಾ ರಿಕವರಿಯವರ ಹತ್ತಿರ ಹೋಗಿ. ಸದ್ದಿಲ್ಲದಿದ್ದರೆ ಮೊದಲ ಕೆಲಸ ಫೋಟೋ ನಕಲು ಮಾಡುವುದು. ರಿಪೇರಿ ಸ್ಕ್ಯಾನ್ ಯಾವುದನ್ನೂ ಅದಕ್ಕೆ ಮುಂಚೆ ಓಡಿಸಬೇಡಿ. ಆಮೇಲೆ ಡಿಸ್ಕ್ ತನ್ನ ಆರೋಗ್ಯವನ್ನು ತಾನೇ ಬರೆದಿಡುವ ಸ್ಮಾರ್ಟ್ ಪಟ್ಟಿಯಲ್ಲಿ ಸಿ5, ಸಿ6 (ಓದಲಾಗದ ಜಾಗಗಳ ಎಣಿಕೆ) ನೋಡಿ. ಅವು ಸೊನ್ನೆಯಾಗಿರಬೇಕು. ಸಿ7 ಏರಿದ್ದರೆ ಹೆಚ್ಚಾಗಿ ಕೇಬಲ್ಲಿನದೇ ತೊಂದರೆ.

ಪ್ರಶ್ನೆ ಕೇಳಿದವರು

ಫೋಟೋ ಸಿಕ್ಕವು! ಡಿಸ್ಕ್ ಸದ್ದು ಮಾಡಲಿಲ್ಲ. ಎರಡು ಫೈಲ್ ಮಾತ್ರ ತೆರೆಯಲಿಲ್ಲ. ಸಿ5 16 ತೋರಿಸುತ್ತಿದೆ, ಆ ಡಿಸ್ಕನ್ನು ಇನ್ನು ನಂಬುವುದಿಲ್ಲ. ಈಗ ಫೋಟೋಗಳು ಎರಡು ಕಡೆ ಇವೆ.

ಪಿನ್ ಎಲ್ಲವೂ ನೆಟ್ಟಗಿದ್ದವು. ಸಿಪಿಯು ಮೇಲಿನ ಪೇಸ್ಟ್ ಒಂದು ಬದಿ ತೆಳು, ಇನ್ನೊಂದು ಬದಿ ದಪ್ಪ ಇತ್ತು. ಮತ್ತೆ ಕೂರಿಸಿ ಬಿಗಿ ಮಾಡಿದ ಮೇಲೆ ಎ ಚಾನೆಲ್ ಬಂತು, ನಾಲ್ಕೂ ಸ್ಲಾಟ್ ಓಡುತ್ತಿವೆ. ಗ್ರಾಫಿಕ್ಸ್ ಕಾರ್ಡಿನಲ್ಲಿ ಮಾತ್ರ ಸ್ಲಾಟಿನ ಲಾಕಿಗೆ ಸಿಕ್ಕಿಕೊಳ್ಳುವ ಕೊಕ್ಕೆಯ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಕಾಣುತ್ತಿದೆ. ಹಾಕಿ ನೋಡಲಾ?

ಉತ್ತರ 1 ಬರೆದವರು

ಬೇಡ. ಬಿರುಕು ಒಳಪದರದ ತಂತಿಗಳನ್ನು ಕಡಿದಿರಬಹುದು, ಶಾರ್ಟ್ ಆದರೆ ಈಗ ಬದುಕಿದ ಬೋರ್ಡಿಗೂ ಅಪಾಯ. ಪದರದ ತಂತಿ ಕೂರಿಸಬಲ್ಲ ರಿಪೇರಿಯವರಿಗೆ ತೋರಿಸಿ.

ಕಳಿಸುವಾಗ ಬೆಳ್ಳಿ ಬಣ್ಣದ ಆಂಟಿಸ್ಟಾಟಿಕ್ ಚೀಲದಲ್ಲಿ ಹಾಕಿ. ಮಾಮೂಲಿ ಬಬಲ್ ರ‍್ಯಾಪ್ ನೇರವಾಗಿ ಕಾರ್ಡಿಗೆ ತಾಗಬಾರದು, ಉಜ್ಜಿದಾಗ ಸ್ಥಿರ ವಿದ್ಯುತ್ ಹುಟ್ಟುತ್ತದೆ. ಚೀಲವನ್ನು ಫೋಮ್ ಇರುವ ಚಿಕ್ಕ ಪೆಟ್ಟಿಗೆಯಲ್ಲಿಟ್ಟು, ಅದನ್ನು ದೊಡ್ಡ ಪೆಟ್ಟಿಗೆಯಲ್ಲಿಡಿ. ಆರೂ ಕಡೆ 5 ಸೆಂ.ಮೀ. ಮೆತ್ತೆ ಇರಲಿ. ಉಂಡೆಯಂಥ ಥರ್ಮೋಕೋಲ್ ತುಂಬಬೇಡಿ, ದಾರಿಯಲ್ಲಿ ಅದು ಸರಿದು ಕಾರ್ಡ್ ತಳಕ್ಕೆ ಇಳಿದುಬಿಡುತ್ತದೆ. ಟೇಪ್ ಹಾಕಿದ ಮೇಲೆ ಕೈಯಲ್ಲಿ ಹಿಡಿದು ಅಲ್ಲಾಡಿಸಿ. ಒಳಗೆ ಏನಾದರೂ ಕದಲಿದ ಹಾಗೆ ಅನಿಸಿದರೆ ಬಿಚ್ಚಿ ಇನ್ನಷ್ಟು ತುಂಬಿ.