ಪದಚರ್ಚೆ: ಭೂಮಾಪಕರ ‘ಪರವಾನಗಿ’ಯನ್ನು ಸನ್ನದು ಎನ್ನಬಹುದೇ?

ಬಳಗದ ಎಲ್ಲರಿಗೂ ನಮಸ್ಕಾರ.

ಅಮೆರಿಕದ ರಾಜ್ಯಗಳು ಎಂಜಿನಿಯರುಗಳ ಮತ್ತು ಭೂಮಾಪಕರ ಕೆಲಸದ ಮೇಲೆ ಹೇಗೆ ನಿಗಾ ಇಡುತ್ತವೆ ಎಂಬ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಎರಡನೆಯ ವಾಕ್ಯದಲ್ಲೇ ‘ಲೈಸೆನ್ಸ್’ ಎಂಬ ಪದ ಸಿಕ್ಕಿತು. ‘ಪರವಾನಗಿ’ ಎಂದು ಬರೆದು ಮುಂದೆ ಹೋಗಬಹುದಿತ್ತು, ಮನಸ್ಸು ಒಪ್ಪಲಿಲ್ಲ.

ಕಾರಣ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಜಮೀನಿನ ಹದ್ದುಬಸ್ತಿಗೆ, ಅಂದರೆ ಅಳೆದು ಗಡಿ ಗುರುತಿಸುವುದಕ್ಕೆ, ಅರ್ಜಿ ಕೊಟ್ಟಿದ್ದೆವು. ಬಾಜುದಾರರಿಗೆಲ್ಲ ನೋಟಿಸು ಹೋಗಿ, ಅಳತೆ ಮುಗಿದು, ಬಾಂದುಕಲ್ಲು ನೆಟ್ಟ ಮೇಲೆ ನಕ್ಷೆಯ ಪ್ರತಿ ಕೈಗೆ ಬಂತು. ಕೆಳಗಡೆ ನೀಲಿ ಮೊಹರು: ‘ಪರವಾನಗಿ ಭೂಮಾಪಕರು’. ಅದನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿದ ದೊಡ್ಡಪ್ಪ ಕೇಳಿದರು, “ಪರವಾನಗಿ ಯಾವುದಕ್ಕೆ? ಅಳೆಯುವುದಕ್ಕೋ, ನಮ್ಮ ಹೊಲದೊಳಗೆ ಬರುವುದಕ್ಕೋ?” ಅವರ ಪ್ರಶ್ನೆಯಲ್ಲಿ ತಿರುಳಿದೆ. ಪರವಾನಗಿ ಎಂದರೆ ಅಪ್ಪಣೆ. ಬಂದೂಕಿಗೂ ಅದು ಬೇಕು, ವಾಹನ ಓಡಿಸುವುದಕ್ಕೂ ಬೇಕು. ಆದರೆ ಆ ಮೊಹರು ‘ಈತನಿಗೆ ಅಪ್ಪಣೆ ಇದೆ’ ಎನ್ನುವುದಕ್ಕಿಂತ ‘ಈ ಗೆರೆ ತಪ್ಪಿದರೆ ಈತನೇ ಹೊಣೆ’ ಎಂದು ಹೇಳಬೇಕಲ್ಲವೇ?

ಅಮೆರಿಕದಲ್ಲಿ ಇಂಥ ಕಾನೂನು ಹುಟ್ಟಿದ್ದೇ ಈ ಹೊಣೆಯ ಕೊರತೆಯಿಂದ. ವಯೋಮಿಂಗ್ ರಾಜ್ಯದಲ್ಲಿ ನೀರಿನ ಹಕ್ಕಿಗೆ ಅರ್ಜಿ ಹಾಕುವವರು ಕಾಲುವೆಯ ನಕ್ಷೆ ಕೊಡಬೇಕಿತ್ತು. ಎಂಜಿನಿಯರಿಂಗಿನ ಗಂಧವೂ ಇಲ್ಲದ ವಕೀಲರು, ನೋಟರಿಗಳು ನಕ್ಷೆ ಬರೆದು, ತಾವೇ ಎಂಜಿನಿಯರು, ತಾವೇ ಭೂಮಾಪಕರು ಎಂದು ಸಹಿ ಹಾಕುತ್ತಿದ್ದರು. ಅದನ್ನು ತಡೆಯಲು 1907ರಲ್ಲಿ ಅಲ್ಲಿ ಕಾನೂನು ಬಂತು. ಎಂಜಿನಿಯರುಗಳ ಮಟ್ಟಿಗೆ ಆ ದೇಶದಲ್ಲಿ ಈ ಬಗೆಯ ಮೊದಲ ಕಾನೂನು ಅದು. ಈಗ ಪ್ರತಿ ರಾಜ್ಯದಲ್ಲೂ ಒಂದು ಮಂಡಳಿ ಇದೆ. ಅದು ಓದು, ಅನುಭವ, ಪರೀಕ್ಷೆ ಮೂರನ್ನೂ ನೋಡಿ ಮೊಹರು ಒತ್ತುವ ಅಧಿಕಾರ ಕೊಡುತ್ತದೆ, ತಪ್ಪು ಮಾಡಿದರೆ ಅಮಾನತಿನಲ್ಲಿಡುತ್ತದೆ, ಇಲ್ಲವೇ ರದ್ದು ಮಾಡುತ್ತದೆ.

ನಮ್ಮಲ್ಲಿ ವಕೀಲರಿಗೆ 1961ರ ಕಾಯಿದೆ ಇದೆ, ವಾಸ್ತುಶಿಲ್ಪಿಗಳಿಗೆ 1972ರದು ಇದೆ. ಎಂಜಿನಿಯರುಗಳಿಗೆ ದೇಶಕ್ಕೆಲ್ಲ ಅನ್ವಯಿಸುವ ಅಂಥ ಕಾಯಿದೆ ಬಂದಿಲ್ಲ. ಆದ್ದರಿಂದಲೇ ಪದವೂ ಬೇರೂರಿಲ್ಲ ಎಂದು ನನ್ನ ಎಣಿಕೆ.

ವಕೀಲರ ವಿಷಯದಲ್ಲಿ ನಾವು ‘ಸನ್ನದು’ ಎನ್ನುತ್ತೇವೆ. ‘ಸನ್ನದು ರದ್ದಾಯಿತು’ ಎಂದರೆ ಆ ವಕೀಲರ ವೃತ್ತಿಯೇ ನಿಂತಿತು ಎಂದು ಎಲ್ಲರಿಗೂ ಅರ್ಥವಾಗುತ್ತದೆ. ಅರಬ್ಬಿಯ ‘ಸನದ್’ಗೆ ಆಧಾರ, ಆತುಕೊಳ್ಳುವ ಆಸರೆ ಎಂಬ ಅರ್ಥವಿದೆ. ಸೇತುವೆಯ ನಕ್ಷೆಗೆ ಸಹಿ ಹಾಕುವವರ ಮಟ್ಟಿಗೆ ಇದಕ್ಕಿಂತ ಒಪ್ಪುವ ಮೂಲ ಬೇಕೇ? ತೊಡಕು ಒಂದೇ. ನಮ್ಮ ಅಬಕಾರಿ ಇಲಾಖೆಯವರು ಮದ್ಯದಂಗಡಿಗೂ ಸನ್ನದು ಎನ್ನುತ್ತಾರೆ, ಅಂಗಡಿಯವರನ್ನು ‘ಸನ್ನದುದಾರರು’ ಎನ್ನುತ್ತಾರೆ. ‘ಸನ್ನದುದಾರ ಭೂಮಾಪಕ’ ಎಂದು ಬರೆದರೆ ಓದುಗರಿಗೆ ಅದು ನೆನಪಾದೀತೇ? ನನಗೆ ‘ಸನ್ನದು ಪಡೆದ ಭೂಮಾಪಕ’ ಮೇಲೆನಿಸುತ್ತದೆ.

‘ನೋಂದಾಯಿತ’ ಎಂದು ಬರೆದು ಕೈತೊಳೆದುಕೊಳ್ಳಲೂ ಆಗದು. ಟೆಕ್ಸಾಸಿನಲ್ಲಿ ಎಂಜಿನಿಯರು ‘ಲೈಸೆನ್ಸ್ಡ್’, ಭೂಮಾಪಕ ‘ರಿಜಿಸ್ಟರ್ಡ್’. 2019ರಲ್ಲಿ ಎರಡೂ ವೃತ್ತಿಗಳ ಮಂಡಳಿಗಳು ಒಂದಾದವು, ಪದಗಳು ಮಾತ್ರ ಬೇರೆಯಾಗಿಯೇ ಉಳಿದಿವೆ. ಅನುವಾದದಲ್ಲಿ ಎರಡಕ್ಕೂ ಒಂದೇ ಪದ ಬಳಸಿದರೆ ಆ ಪ್ಯಾರಾ ಅರ್ಥವೇ ಆಗುವುದಿಲ್ಲ.

ಇದಕ್ಕಿಂತ ಕಷ್ಟದ್ದು ‘ರೆಸ್ಪಾನ್ಸಿಬಲ್ ಚಾರ್ಜ್’. ಕೆಲಸವನ್ನು ತಾನೇ ಮಾಡಿರಬೇಕು, ಇಲ್ಲವೇ ತನ್ನ ನೇರ ಹತೋಟಿಯಲ್ಲಿ ಮಾಡಿಸಿರಬೇಕು. ಬೇರೆಯವರು ಬರೆದು ತಂದದ್ದಕ್ಕೆ ಸುಮ್ಮನೆ ಮೊಹರು ಒತ್ತುವಂತಿಲ್ಲ ಎಂಬ ಅರ್ಥದ ಪದ. ‘ಮೇಲ್ವಿಚಾರಣೆ’ ಎಂದರೆ ದೂರ ನಿಂತು ನೋಡಿದಂತಾಗುತ್ತದೆ. ‘ಉಸ್ತುವಾರಿ’ ಎಂದೊಡನೆ ಜಿಲ್ಲಾ ಸಚಿವರು ಕಣ್ಣ ಮುಂದೆ ಬರುತ್ತಾರೆ. ಸದ್ಯಕ್ಕೆ ‘ಖುದ್ದು ಹೊಣೆ’ ಎಂದು ಬರೆದಿಟ್ಟಿದ್ದೇನೆ.

ಅಂದ ಹಾಗೆ, ಹದ್ದನ್ನು ಕಟ್ಟುವ ಭೂಮಾಪಕರ ‘ಹದ್ದುಬಸ್ತು’ ಹೊಲದ ಅಂಚನ್ನು ದಾಟಿ, ಮಕ್ಕಳನ್ನೂ ಖರ್ಚನ್ನೂ ‘ಹದ್ದುಬಸ್ತಿನಲ್ಲಿಡುವ’ ಮಾತಾಗಿ ಬೆಳೆದಿದೆ. ಹಾಗಿರುವಾಗ ಮಂಡಳಿಯು ವೃತ್ತಿಯ ಮೇಲೆ ಇಡುವ ನಿಗಾಕ್ಕೂ ಅದನ್ನೇ ಬಳಸಬಹುದೇ, ಅಥವಾ ತೀರಾ ಗದರಿಸಿದಂತೆ ಕೇಳಿಸುತ್ತದೆಯೇ?

ಉತ್ತರ ಕರ್ನಾಟಕದವರಲ್ಲಿ ಇನ್ನೊಂದು ವಿನಂತಿ. ನಿಮ್ಮ ಕಡೆ ‘ಮೋಜಣಿದಾರ’ (ಜಮೀನು ಅಳೆಯುವವ) ಎಂದರೆ ಸರ್ಕಾರಿ ನೌಕರ ಮಾತ್ರವೇ, ಅಥವಾ ಹೊರಗಿನಿಂದ ಬಂದು ಅಳೆಯುವ ಪರವಾನಗಿಯವರನ್ನೂ ಹಾಗೆಯೇ ಕರೆಯುತ್ತೀರಾ? ಹಳೆಯ ನಕ್ಷೆಗಳ ಮೊಹರಿನಲ್ಲಿ ಬೇರೆ ಪದ ಕಂಡಿದ್ದರೆ ದಯವಿಟ್ಟು ಇದ್ದದ್ದು ಇದ್ದಂತೆಯೇ ಬರೆದು ತಿಳಿಸಿ.